ದೀಪಸ್ತಂಭದ ಮೂರನೆಯ ಬಾಗಿಲು

“ಇವತ್ತು ಹೇಗಾದ್ರೂ ಮೂರನೇ ಬಾಗಿಲು ದಾಟಿಬಿಡೋಣ. ನೀವಿಲ್ಲದೆ ನನ್ನ ಕೈಲಾಗಲ್ಲ. ಆದ್ರೆ ನನ್ನ ಹೆಂಡತಿಗೆ ಮಾತ್ರ ಗೊತ್ತಾಗಬಾರದು.”

ಹೆಂಡತಿ ಬಾಗಿಲ ಹೊರಗೇ ನಿಂತಿದ್ದಳು. ಮರೆತು ಹೋದ ಕನ್ನಡಕಕ್ಕೆಂದು ತಾನು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿನಿಂದ ಮಧ್ಯಾಹ್ನ ಓಡಿ ಬಂದವಳು, ಬಂದ ಕೆಲಸವನ್ನೇ ಮರೆತಳು. ಒಳಗೆ, ಮನೆಯ ಮುಂಗೋಣೆಯಲ್ಲಿ ಗಡಿಯಾರ ರಿಪೇರಿ ಮಾಡುವ ಗಂಡ ಫೋನಿನಲ್ಲಿ ಪಿಸುಗುಡುತ್ತಿದ್ದ. ಹನ್ನೆರಡು ವರ್ಷದ ಸಂಸಾರದಲ್ಲಿ ಅಷ್ಟು ಮೆತ್ತಗಿನ ದನಿ ಕೇಳುವ ಯೋಗ ಅವಳಿಗೆ ಬಂದಿರಲಿಲ್ಲ.

“ನಿನ್ನೆ ಕತ್ತಲಲ್ಲಿ ನೀವು ದಾರಿ ತೋರಿಸದೇ ಇದ್ದಿದ್ರೆ ನಾನು ಅಲ್ಲೇ ಬಿದ್ದಿರ್ತಿದ್ದೆ.”

ಅವಳು ಸದ್ದಾಗದಂತೆ ಹಿಂದೆ ಸರಿದಳು. ಮೆಟ್ಟಿಲಿಳಿದು ಬೀದಿಗೆ ಬಂದು ಅಮ್ಮನಿಗೆ ಫೋನ್ ಮಾಡಿದಳು. ಲೈನ್ ಬಿಜಿ. ಮತ್ತೆ ಮಾಡಿದಳು. ಬಿಜಿ. ಕಾಲು ಗಂಟೆ ಬಿಟ್ಟು ಸಿಕ್ಕಿತು.

ನಿವೃತ್ತ ಗಣಿತದ ಟೀಚರಾದ ಅಮ್ಮನಿಗೂ ಅಳಿಯನಿಗೂ ಐದು ವರ್ಷದಿಂದ ಮಾತಿಲ್ಲ. ಅವನು ಸರಿಮಾಡಿ ಕೊಟ್ಟ ಗಡಿಯಾರ ಎರಡು ನಿಮಿಷ ಹಿಂದಿದೆ ಎಂದು ಅವರು ಅಂದಿದ್ದರು. ಕಣ್ಣು ತೋರಿಸಿಕೊಳ್ಳಲಿ ಎಂದು ಇವನು ಅಂದಿದ್ದ. ಅಂದಿನಿಂದ ಒಂದೇ ಸೋಫಾದಲ್ಲಿ ಕುಳಿತರೂ “ನಿನ್ನ ಗಂಡನಿಗೆ ಹೇಳು”, “ನಿಮ್ಮಮ್ಮನಿಗೆ ಹೇಳು” ಎಂದೇ ವ್ಯವಹಾರ. ನಡುವೆ ಅಂಚೆ ಹಂಚಿ ಹಂಚಿ ಮಗಳು ಸೋತಿದ್ದಳು. ಇಂದು ಮಾತ್ರ ಅಮ್ಮ ತನ್ನ ಜೊತೆ ಸೇರಿ ನಾಲ್ಕು ಮಾತು ಬೈದಾರೆಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಕೊಂಡಳು.

ಅಮ್ಮ ಕೆಮ್ಮಿದರು. “ಛೆ ಛೆ, ಅಂಥದ್ದಕ್ಕೆಲ್ಲ ಅವನಿಗೆ ತಲೆ ಎಲ್ಲಿದೆ? ಒಂದು ಬಾಗಿಲು ತೆಗೆಯೋಕೇ ವಾರ ಬೇಕು. ಸುಮ್ನೆ ಕೆಲಸಕ್ಕೆ ಹೋಗು.”

ಅದು ಸಮಾಧಾನವೋ ಬೈಗುಳವೋ ಅವಳಿಗೆ ತಿಳಿಯಲಿಲ್ಲ. ಕೆಲಸಕ್ಕಂತೂ ಹೋಗಲಿಲ್ಲ. ನೇರ ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದಳು.

“ಯಾರ್ರೀ ಅವಳು?”

ಗಂಡನ ಕಣ್ಣಿನ ಭೂತಗನ್ನಡಿ ಟಪ್ಪನೆ ಬಿತ್ತು. ಮುಂದೆ ಬಿಚ್ಚಿಟ್ಟ ಗಡಿಯಾರಗಳ ನಡುವೆ ಒಂದು ಟ್ಯಾಬ್. ಅದರಲ್ಲಿ ಮಂಜು, ಸಮುದ್ರ, ಒಂದು ಒಂಟಿ ದೀಪಸ್ತಂಭ.

“ಆಟ ಕಣೇ! ಒಟ್ಟು ಮೂರು ಗಂಟೆಯ ಆಟ. ಗುಂಡಿಲ್ಲ, ಹೊಡೆದಾಟ ಇಲ್ಲ. ಒಗಟು ಬಿಡಿಸ್ತಾ ಮೇಲೆ ಹೋಗಿ ಆರಿದ ದೀಪ ಹಚ್ಚಬೇಕು, ಅಷ್ಟೇ. ದಿನಾ ಊರವರ ಹೊತ್ತೆಲ್ಲ ಸರಿಮಾಡೋ ನನಗೆ ಅಲ್ಲಿ ಹೊತ್ತೇ ಗೊತ್ತಾಗಲ್ಲ.”

ಅವಳು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಅಲೆಯ ಸದ್ದು. ಮಂಜು ಸರಿದು ಕಬ್ಬಿಣದ ಏಣಿಯೊಂದು ಕಂಡಿತು. ಒಂದು ಸನ್ನೆಕೋಲನ್ನು ಬೆರಳಿನಿಂದ ಎಳೆದಳು; ದೂರದಲ್ಲೆಲ್ಲೋ ಗಂಟೆ ಬಾರಿಸಿತು.

“ಅರೆ!” ಎಂದು ಕುರ್ಚಿ ಎಳೆದುಕೊಂಡು ಕುಳಿತೇಬಿಟ್ಟಳು.

ದೀಪಸ್ತಂಭದ ಎರಡು ಮಹಡಿ ಹತ್ತಿದ ಮೇಲೆ ಕೋಪ ನೆನಪಾಯಿತು.

“ಸರಿ, ಆಟ ಒಪ್ಪಿದೆ. ಫೋನಲ್ಲಿ ‘ನೀವು, ನೀವು’ ಅಂತ ಕರಗಿ ಹೋಗ್ತಿದ್ದದ್ದು ಯಾರ ಹತ್ರ?”

“ಅದು… ಮೂರನೇ ಬಾಗಿಲಿಗೆ ಅಂಕಿಗಳ ಬೀಗ ಇದೆ…” ಅವನ ಮುಖ ಬಿಳಿಚಿಕೊಂಡಿತು.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ತೆರೆಯ ಮೇಲೆ ಹೆಸರು: ‘ಸ್ಪ್ರಿಂಗ್ ಅಂಗಡಿ’. ಅವನು ಹಾರಿದ. ಅವಳ ಕೈ ಮೊದಲಾಯಿತು. ಉಸಿರು ಬಿಗಿಹಿಡಿದು ಕಿವಿಗಿಟ್ಟುಕೊಂಡಳು.

“ಅಳಿಯಂದ್ರೇ, ಕೆಟ್ವಿ! ನನ್ನ ಮಗಳಿಗೆ ಅನುಮಾನ ಬಂದಿದೆ. ಸಂಜೆ ನಾನು ಬಂದಾಗ ಮುಖ ಆ ಕಡೆ ತಿರುಗಿಸ್ಕೊಂಡೇ ಕೂತಿರಿ.”