ಒಂದೇ ಸೊಳ್ಳೆಪರದೆ

ಬೀದಿಗೆಲ್ಲ ಡೆಂಗಿ ಹರಡಿತ್ತು. ಮನೆಯಲ್ಲಿದ್ದದ್ದು ಒಂದೇ ಸೊಳ್ಳೆಪರದೆ. ಈ ಸೊಳ್ಳೆ ಹಗಲಲ್ಲೇ ಕಡಿಯುತ್ತದೆಂದು ಅಮ್ಮ ಚಿಕ್ಕವನನ್ನು ಬೆಳಗಿನಿಂದ ಸಂಜೆಯವರೆಗೂ ಅದರೊಳಗೇ ಕೂರಿಸುತ್ತಿದ್ದಳು.

"ಅಮ್ಮಾ, ಉಸಿರು ಕಟ್ತಿದೆ. ಹೊರಗೆ ಬರ್ಲಾ?" ಅವನು ಪರದೆಗೆ ಮೂಗು ಒತ್ತಿ ಕೇಳಿದ.

"ಬೇಡ. ಅಕ್ಕನಿಗೆ ಹೋದ ವರ್ಷವೇ ಬಂದು ಹೋಗಿದೆ, ಅವಳಿಗಿನ್ನು ಭಯವಿಲ್ಲ. ನಿನಗೆ ಬಂದಿಲ್ಲ."

"ಒಳಗೇ ಇರೋ, ಪಂಜರದ ಗಿಣಿ," ಎಂದು ಅಣಕಿಸಿ ಅಕ್ಕ ಹಿತ್ತಿಲಿಗೆ ನೀರು ತರಲು ಹೋದಳು.

ಆಗಲೇ ಮನೆಮನೆ ನೋಡುತ್ತ ಆಶಾ ಕಾರ್ಯಕರ್ತೆ ಬಂದರು. ಅಮ್ಮ ಹೆಮ್ಮೆಯಿಂದ ಪರದೆ ತೋರಿಸಿ, ದೊಡ್ಡವಳಿಗೆ ಹೋದ ವರ್ಷವೇ ಬಂದು ಹೋಗಿದೆ ಎಂದಳು.

"ದೊಡ್ಡವಳಿಗೆ ಒಮ್ಮೆ ಬಂದಿತ್ತಾ? ಹಾಗಾದ್ರೆ ಅವಳಿಗೇ ಮೊದಲು ಪರದೆ ಬೇಕು ಕಣಮ್ಮಾ. ಡೆಂಗಿಯಲ್ಲಿ ನಾಲ್ಕು ಥರ ಇದೆ. ಈಗ ಬೇರೆ ಥರದ್ದು ಬಂದ್ರೆ, ಹಳೇ ಜ್ವರಕ್ಕೆಂದು ರಕ್ತದಲ್ಲಿ ಹುಟ್ಟಿದ ಕಾವಲೇ ಹೊಸ ವೈರಸ್ಸನ್ನ ಕೈಹಿಡಿದು ಜೀವಕೋಶದೊಳಗೆ ಬಿಟ್ಟುಬಿಡಬಹುದು. ಎರಡನೇ ಸಲ ಬಂದವರಿಗೇ ರಕ್ತಸ್ರಾವದ ಅಪಾಯ ಜಾಸ್ತಿ."

ಅಮ್ಮ ಹಿತ್ತಿಲಿಗೆ ಓಡಿ ಮಗಳ ಕೈ ಹಿಡಿದಳು. ಕೈ ಸುಡುತ್ತಿತ್ತು.

"ನಿನ್ನೆಯಿಂದ ಹೀಗೇ ಅಮ್ಮಾ," ಎಂದಳು ಮಗಳು. "ಹೇಳಿದ್ರೆ ನನ್ನೂ ಪರದೆಯೊಳಗೆ ಹಾಕ್ತೀಯ ಅಂತ ಸುಮ್ಮನಿದ್ದೆ."