ಅಮ್ಮ ಕಟ್ಟಿದ ಮಟ್ಟು

ಮೈದಾ ಅಂಟಿನ ವಾಸನೆ ಬಂದರೆ ಈಗಲೂ ಕಲ್ಲುಗುಂಡಿಯ ಆ ಮಧ್ಯಾಹ್ನ ನೆನಪಾಗುತ್ತದೆ. ಹೊಸದಾಗಿ ರಟ್ಟು ಅಂಟಿಸಿದ ಪುಸ್ತಕದಲ್ಲಿ ಭಜನಾ ಮಂಡಳಿಯವರು ಊರಿನವರು ಹಾಡುವ ಮಟ್ಟುಗಳನ್ನೆಲ್ಲ ನಮ್ಮ ಜಗಲಿಯಲ್ಲಿ ಕೂತು ಬರೆಸುತ್ತಿದ್ದರು. ಹಾರ್ಮೋನಿಯಂ ಮಾಸ್ಟ್ರು ಸ್ವರ ಹುಡುಕಿ ಹೇಳುತ್ತಿದ್ದರು. ನನ್ನ ಅಕ್ಷರ ದುಂಡಗಿದ್ದುದರಿಂದ ನಾನೇ ಬರೆಯುತ್ತಿದ್ದೆ.

ಓದು ಬಾರದ ಅಮ್ಮ ಬಾಗಿಲಲ್ಲಿ ನಿಂತು, ಭತ್ತ ಕುಟ್ಟುವಾಗ ತಾನು ಗುನುಗುವ ಮಟ್ಟನ್ನು ಹಾಡಿದಳು. ಮಾಸ್ಟ್ರು ನುಡಿಸುವಾಗ ಎರಡು ಸಲ ತಪ್ಪಿದರು. ಎರಡು ಸಲವೂ ಅಮ್ಮ ತಿದ್ದಿದಳು.

"ಯಾರದ್ದು ಅಂತ ಬರೆಯುದು? ಹಳೆಯ ಮಟ್ಟು ಅಂತ ಹಾಕುವ," ಎಂದರು ಮಂಡಳಿಯ ಹಿರಿಯರೊಬ್ಬರು.

"ಹಳೆಯದಲ್ಲ ಮಾರಾಯ್ರೆ, ನಾನೇ ಕಟ್ಟಿದ್ದು. ನನಗೂ ಹೆಸರು ಉಂಟು."

ಮಾಸ್ಟ್ರು ನನ್ನತ್ತ ತಿರುಗಿ, "ಅಮ್ಮನ ಹೆಸರು ಬರಿ ಮಗಳೇ," ಎಂದರು.

ಪುಟದ ಮೇಲ್ಗಡೆ ದೊಡ್ಡದಾಗಿ 'ದೇವಕಿ' ಎಂದು ಬರೆದೆ. ಮಸಿ ಪೂರ್ತಿ ಒಣಗುವವರೆಗೆ ಅಮ್ಮ ಆ ಪುಟ ಮಗುಚಲು ಯಾರನ್ನೂ ಬಿಡಲಿಲ್ಲ.