ಗಿಡ್ಡ ಕೇಬಲ್ಲು

ಹೊಸ ಲ್ಯಾಪ್‌ಟಾಪಿನ ಅಂಚನ್ನು ಶ್ರೀವಲ್ಲಭ ಮಾಸ್ತರರ ಬೆರಳು ಮತ್ತೊಮ್ಮೆ ಸುತ್ತಿ ಬಂತು. ಹಳೆಯ ಬ್ರೈಲ್ ಪ್ರಿಂಟರಿನ ಅಗಲ ಪ್ಲಗ್ಗಿಗೆ ಅಲ್ಲಿ ಜಾಗವೇ ಇರಲಿಲ್ಲ. ಕಣ್ಣು ಕಾಣದ ಅವರು ಕಾಗದದ ಮೇಲೆ ಒಂದಕ್ಷರ ಓದಿ ಎಂಟು ತಿಂಗಳಾಗಿತ್ತು.

ಸಿಂದಗಿಯಿಂದ ರಿಪೇರಿಗೆ ಬಂದಿದ್ದ ಸುರೇಖಾ, ಮಾಸ್ತರರ ಕೈಗೆ ಗಿಡ್ಡ ಕೇಬಲ್ಲೊಂದನ್ನು ಇಟ್ಟಳು. “ಇದು ಹಳೇದಕ್ಕೂ ಹೊಸದಕ್ಕೂ ಕೂಡತೈತ್ರಿ ಸರ.” ಎರಡನ್ನೂ ಜೋಡಿಸಿ, “ಏನ್ ಬರೀಲಿ?” ಎಂದಳು.

“ನಂದು ನನಗ ಗೊತ್ತಿದ್ದದ್ದೇ. ನಿಂದೇನರೆ ಬರಿ.”

ಪ್ರಿಂಟರು ಕಟಕಟನೆ ಬಡಿದು ಹಾಳೆಯನ್ನು ಹೊರದಬ್ಬಿತು. ಮಾಸ್ತರರು ಅದನ್ನು ತೊಡೆಯ ಮೇಲೆ ಹರವಿಕೊಂಡು, ಉಬ್ಬು ಚುಕ್ಕೆಗಳ ಮೇಲೆ ಬೆರಳಾಡಿಸಿದರು. ‘ಸರ, ಐತವಾರ ನಮ್ಮನಿಗೆ ಊಟಕ್ಕ ಬರ್ರಿ.’ ಬೆರಳು ಮತ್ತೆ ಸಾಲಿನ ಮೊದಲಿಗೆ ಹೋಯಿತು.

“ಯಾಕ್ರಿ, ತಪ್ಪು ಬಿತ್ತೇನ್ರಿ?”

“ಇಲ್ಲವಾ,” ಎಂದರು ಅವರು. “ಇನ್ನೊಮ್ಮೆ ಓದಲಿಕ್ಕತ್ತೇನಿ.”